ತೋಟದ ಕಾಫಿಗೆ ಹೆಸರು ಕಟ್ಟುವ ದಾರಿ: ಮಲೆನಾಡಿನ ಸಣ್ಣ ಬೆಳೆಗಾರರಿಗೊಂದು ಮಾರ್ಗದರ್ಶಿ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ತೋಟ. ಪ್ರತಿವರ್ಷ ಹಣ್ಣು ಕುಯ್ಯಲು ಬರುವವರಲ್ಲಿ ಒಬ್ಬರು ಅಕ್ಕ ಇದ್ದಾರೆ. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲೇ ಈ ತೋಟದ ಒಂದೊಂದು ಗಿಡವೂ ಅವರಿಗೆ ಗೊತ್ತಿತ್ತು. ಒಂದು ಸಂಜೆ ಕೂಲಿ ಲೆಕ್ಕ ಕೊಡಲು ಅವರ ಮನೆಗೆ ಹೋದಾಗ ಒಲೆ ಮೇಲೆ ನೀರು ಮರಳುತ್ತಿತ್ತು. ಅವರು ಗೂಡಿನಿಂದ ಎರಡು ರೂಪಾಯಿಯ ಇನ್‌ಸ್ಟಂಟ್ ಕಾಫಿ ಸ್ಯಾಶೆ ತೆಗೆದು, ಹಲ್ಲಿನಲ್ಲಿ ಹರಿದು ಲೋಟಕ್ಕೆ ಸುರಿದರು. ಬೆಳಗಿನಿಂದ ಸಂಜೆವರೆಗೆ ಕಾಫಿ ಹಣ್ಣು ಕುಯ್ದ ಕೈ ಅದು.

"ಅಲ್ಲ ಅಕ್ಕ, ನಮ್ಮನೆ ಪುಡಿ ಕೊಟ್ಟಿದ್ದೆನಲ್ಲ?" ಎಂದೆ.

"ಅದು ಮಳೇಲಿ ಕಲ್ಲಾಗೋಯ್ತು ಕಣಮ್ಮ. ಸೋಸಕ್ಕೆ ಬಟ್ಟೆ ಬೇಕು, ಹೊತ್ತು ಬೇಕು. ಇದಾದ್ರೆ ಹಾಕಿ ಕಲಸಿದ್ರೆ ಆಯ್ತು."

ಆ ಹೊತ್ತಿಗಾಗಲೇ ನಾನು ನಮ್ಮ ತೋಟದ ಪುಡಿಯನ್ನು ಒಂದು ಹೆಸರಿಟ್ಟು ಮಾರಲು ಹೊರಟಿದ್ದೆ. ಚಂದದ ಪೊಟ್ಟಣ, ಬೆಟ್ಟದ ಚಿತ್ರ, ಇನ್‌ಸ್ಟಾಗ್ರಾಂ ಖಾತೆ ಎಲ್ಲ ಸಿದ್ಧವಾಗಿತ್ತು. ಆದರೆ ಆ ಅಕ್ಕ ಒಂದೇ ಉಸಿರಲ್ಲಿ ಹೇಳಿದ ತೊಂದರೆಗಳಲ್ಲಿ ಒಂದಕ್ಕೂ ನನ್ನ ಪೊಟ್ಟಣದಲ್ಲಿ ಉತ್ತರ ಇರಲಿಲ್ಲ. ಆ ಸ್ಯಾಶೆ ಮಾಡಿದ ಕಂಪನಿಯ ಹತ್ತಿರ ಎಲ್ಲಕ್ಕೂ ಉತ್ತರ ಇತ್ತು. ಆಮೇಲೆ ನಾನು ದೊಡ್ಡ ಬ್ರ್ಯಾಂಡ್‌ಗಳನ್ನು ನೋಡುವ ರೀತಿಯೇ ಬದಲಾಯಿತು. ಭಾರತ, ಚೀನಾ, ಕೀನ್ಯಾದಂಥ ಬೆಳೆಯುತ್ತಿರುವ ಮಾರುಕಟ್ಟೆಗಳಲ್ಲಿ ಗೆದ್ದವರು ಏನು ಮಾಡಿದರು, ಅದರಲ್ಲಿ ಐದು ಎಕರೆಯವರ ಕೈಗೆ ಎಟುಕುವುದು ಯಾವುದು ಎಂದು ಬರೆದಿಡುತ್ತಾ ಬಂದೆ. ಅದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಕೊಡುತ್ತಿದ್ದೇನೆ. ಉದಾಹರಣೆ ಕಾಫಿಯದು, ಮೆಣಸು, ಏಲಕ್ಕಿ, ಜೇನು, ಹಪ್ಪಳ ಮಾಡುವವರಿಗೂ ದಾರಿ ಇದೇ.

ಶುರು ಮಾಡುವ ಮೊದಲು ಒಂದು ಸಂಗತಿ ತಿಳಿದಿರಲಿ. ನಮ್ಮ ಅತ್ತೆ ಮಾವನವರ ಕಾಲದಲ್ಲಿ ಹೀಗೆ ಹೆಸರಿಟ್ಟು ಮಾರುವ ಮಾತೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು. ಯಾರ ತೋಟದ್ದಾದರೂ ಒಂದೇ ರಾಶಿಗೆ ಬೀಳುತ್ತಿತ್ತು. ಈ ಕಟ್ಟು 1992ರಿಂದ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಕಾಫಿ ಈ ನೆಲಕ್ಕೆ ಬಂದು ಮುನ್ನೂರು ವರ್ಷದ ಮೇಲಾದರೂ, ತನ್ನ ತೋಟದ ಹೆಸರಲ್ಲಿ ಕಾಫಿ ಮಾರುವ ಸ್ವಾತಂತ್ರ್ಯ ಬೆಳೆಗಾರನಿಗೆ ಸಿಕ್ಕಿ ಆಗಿರುವುದು ಒಂದು ತಲೆಮಾರು ಮಾತ್ರ. ನಾವಿನ್ನೂ ಕಲಿಯುವ ಹಂತದಲ್ಲೇ ಇದ್ದೇವೆ.

ಮೊದಲ ಹೆಜ್ಜೆ: ಅಡುಗೆಮನೆ ನೋಡಿ, ಅಭಿಪ್ರಾಯ ಕೇಳಬೇಡಿ

ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಈ ಕಥೆ ಹಿಡಿಸುತ್ತದೆ. 1996ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ರೈತನೊಬ್ಬ ಹೈಯರ್ ಕಂಪನಿಗೆ ದೂರು ಕೊಟ್ಟ: ನಿಮ್ಮ ಬಟ್ಟೆ ಒಗೆಯುವ ಯಂತ್ರದ ನೀರು ಹೋಗುವ ಕೊಳವೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ರಿಪೇರಿಯವರು ಹೋಗಿ ನೋಡಿದರೆ ಆತ ಅದರಲ್ಲಿ ಗೆಣಸು ತೊಳೆಯುತ್ತಿದ್ದ; ಮಣ್ಣು ಹೋಗಿ ಕೊಳವೆಯಲ್ಲಿ ಕೂತಿತ್ತು. ಇದು ಬಟ್ಟೆಗೆ ಮಾತ್ರ ಎಂದು ಬುದ್ಧಿ ಹೇಳಿ ಬಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಂಪನಿ ಕೊಳವೆಯನ್ನು ಅಗಲ ಮಾಡಿ, ಗೆಡ್ಡೆಗೆಣಸು ತೊಳೆಯಲೂ ಆಗುವಂಥ ಯಂತ್ರವನ್ನೇ ಮಾರುಕಟ್ಟೆಗೆ ತಂದಿತು.

2003ರಲ್ಲಿ ಬಂದ ನೋಕಿಯಾ 1100 ನಮ್ಮಲ್ಲಿ ಬಹಳ ಜನ ಬಳಸಿದ ಫೋನು. ಅದರ ನೆತ್ತಿಯ ಮೇಲೊಂದು ಟಾರ್ಚ್, ಧೂಳು ಒಳಗೆ ಹೋಗದಂತೆ ಕೀಲಿಗಳ ಮೇಲೆ ಒಂದೇ ಹಾಳೆಯ ರಬ್ಬರ್ ಹೊದಿಕೆ, ಒದ್ದೆ ಕೈಯಲ್ಲಿ ಹಿಡಿದರೂ ಜಾರದ ಬದಿಗಳು. ಕರೆಂಟ್ ಹೋಗುವ ಊರು, ಧೂಳಿನ ರಸ್ತೆ, ಬೆವರುವ ಕೈ ನೋಡಿದವರಿಗೆ ಮಾತ್ರ ಹೊಳೆಯುವ ವಿಷಯಗಳಿವು. ಅಂಥ 25 ಕೋಟಿಗೂ ಹೆಚ್ಚು ಫೋನುಗಳು ಮಾರಾಟವಾದವು.

ನೀವು ಮಾಡಬೇಕಾದದ್ದು ಇಷ್ಟು. ಒಂದು ನೋಟ್‌ಬುಕ್ ಹಿಡಿದು ಹದಿನೈದು ಮನೆಗೆ ಹೋಗಿ. ನೆಂಟರ ಮನೆ ಐದಕ್ಕಿಂತ ಹೆಚ್ಚು ಬೇಡ, ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಪೇಟೆಯಲ್ಲಿ ಕೆಲಸಕ್ಕೆ ಹೋಗುವ ದಂಪತಿ, ಒಬ್ಬರೇ ಇರುವ ವಯಸ್ಸಾದವರು, ಪಿಜಿಯಲ್ಲಿರುವ ಹುಡುಗರು, ತೋಟಕ್ಕೆ ಬರುವವರು ಎಲ್ಲರೂ ಇರಲಿ. "ನಮ್ಮ ಕಾಫಿ ಕೊಳ್ಳುತ್ತೀರಾ?" ಎಂದು ಕೇಳಬೇಡಿ. ನಮ್ಮ ಜನ ಮನೆಗೆ ಬಂದವರಿಗೆ ಇಲ್ಲ ಎನ್ನುವುದಿಲ್ಲ. ಅದರ ಬದಲು ಕಾಫಿ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಪುಡಿ ಯಾವ ಡಬ್ಬಿಯಲ್ಲಿದೆ? ಮುಚ್ಚಳ ಬಿಗಿಯಾಗಿದೆಯೇ? ಫಿಲ್ಟರ್ ಇದೆಯೇ, ಬಟ್ಟೆಯೇ, ಪಾತ್ರೆಯಲ್ಲಿ ಕುದಿಸಿ ಬಗ್ಗಿಸುವುದೇ? ಬೆಳಗಿನ ಡಿಕಾಕ್ಷನ್ ಸಂಜೆಗೆ ಉಳಿಸುತ್ತಾರೆಯೇ? ಕೊನೆಯ ಬಾರಿ ಪುಡಿ ಎಷ್ಟು ಕೊಂಡರು, ಎಲ್ಲಿ, ಎಷ್ಟು ದಿನಕ್ಕೆ ಬಂತು?

ನಾನು ಹೋದ ಹದಿನೈದು ಮನೆಗಳಲ್ಲಿ ಫಿಲ್ಟರ್ ಇದ್ದದ್ದು ಆರರಲ್ಲಿ. ಉಳಿದ ಒಂಬತ್ತು ಮನೆಯವರು ಪಾತ್ರೆಯಲ್ಲೇ ಕುದಿಸುವವರು. ನಾನೋ ಫಿಲ್ಟರ್‌ಗೆಂದು ಪುಡಿ ಮಾಡಿಸಿದ್ದೆ. ಕುದಿಸಿ ಬಗ್ಗಿಸುವವರಿಗೆ ಅಷ್ಟು ಸಣ್ಣ ಪುಡಿ ತಳದಲ್ಲಿ ಕೂರದೆ ಲೋಟಕ್ಕೆ ಬರುತ್ತದೆ. ಅವರಿಗೆ ಸ್ವಲ್ಪ ದಪ್ಪ ಪುಡಿ ಬೇಕು. ಒಂದು ರೂಪಾಯಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾಗಿದ್ದ ಬದಲಾವಣೆ, ನೋಡುವವರೆಗೆ ಗೊತ್ತೇ ಆಗಿರಲಿಲ್ಲ.

ಎರಡನೆಯದು: ಕೊಳ್ಳುವವರ ಕೈಯಲ್ಲಿರುವ ದುಡ್ಡಿನಿಂದ ಹಿಂದಕ್ಕೆ ಬನ್ನಿ

ತಮಿಳುನಾಡಿನ ಕಡಲೂರಿನ ಸಿ.ಕೆ. ರಂಗನಾಥನ್ ಚಿಕ್ ಶಾಂಪೂವನ್ನು ಹಳ್ಳಿಗಳಿಗೆ ಒಯ್ದದ್ದು ಸ್ಯಾಶೆಯ ಮೂಲಕ. ಮುಂದೆ ಅದನ್ನು ಐವತ್ತು ಪೈಸೆಗೂ ಕೊಟ್ಟರು. ಬಾಟಲಿ ಕೊಳ್ಳಲಾಗದವರು ಶಾಂಪೂ ಬೇಡ ಎನ್ನುತ್ತಿರಲಿಲ್ಲ. ದಿನಗೂಲಿ ಕೈಗೆ ಬರುವ ಮನೆಯಲ್ಲಿ ತಿಂಗಳ ಸಾಮಾನು ಒಟ್ಟಿಗೆ ತರುವ ಲೆಕ್ಕ ನಡೆಯುವುದಿಲ್ಲ, ಅಷ್ಟೇ. ಅದಕ್ಕೂ ಮೊದಲು, 1969ರಲ್ಲಿ, ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಸೋಪಿನ ಪುಡಿ ಮಾಡಿ ಸೈಕಲ್ ಮೇಲೆ ಮಾರಿ ನಿರ್ಮಾ ಕಟ್ಟಿದರು. ದೊಡ್ಡ ಕಂಪನಿಗಳ ಪುಡಿಯ ಬೆಲೆಯಲ್ಲಿ ಒಂದು ಪಾಲಿಗೆ ಸಿಗುತ್ತಿದ್ದದ್ದು ಅದು. ಇಬ್ಬರೂ ಖರ್ಚಿನ ಮೇಲೆ ಲಾಭ ಸೇರಿಸಿ ಬೆಲೆ ಕಟ್ಟಲಿಲ್ಲ. ಜನ ಎಷ್ಟು ಕೊಡಬಲ್ಲರು ಎಂಬುದನ್ನು ಮೊದಲು ಹಿಡಿದು, ಖರ್ಚನ್ನು ಅದರೊಳಗೆ ಕೂರಿಸಿದರು.

ನಮ್ಮಂಥವರು ಸೋಲುವುದು ಬಹುಪಾಲು ಈ ಲೆಕ್ಕದಲ್ಲೇ. ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ, ನಿಮ್ಮ ದಿನದ ದರ ಹಾಕಿಕೊಳ್ಳಿ.

ಕ್ಯೂರಿಂಗ್ ಆದ, ಅಂದರೆ ಸಿಪ್ಪೆ ತೆಗೆದು ವಿಂಗಡಿಸಿದ, ಇನ್ನೂ ಹುರಿಯದ ಹಸಿ ಬೀಜ ಕಿಲೋಗೆ 500 ರೂಪಾಯಿ ಎನ್ನೋಣ. ನಿಮ್ಮದೇ ತೋಟದ್ದು ಎಂದು ಇದನ್ನು ಸೊನ್ನೆ ಎಂದು ಬರೆಯಬೇಡಿ. ಮಾರಿದ್ದರೆ ಅಷ್ಟು ಬರುತ್ತಿತ್ತು. ಹುರಿದಾಗ ತೂಕ ಇಳಿಯುತ್ತದೆ, ಹದಕ್ಕೆ ತಕ್ಕಂತೆ ಶೇ 15ರಿಂದ 20ರಷ್ಟು. ಶೇ 18 ಹಿಡಿದರೆ ಹುರಿದ ಬೀಜ ಕಿಲೋಗೆ 610 ರೂಪಾಯಿ ಬಿತ್ತು. ಹುರಿದು ಪುಡಿ ಮಾಡುವ ಕೂಲಿ 40 ಸೇರಿ 650. ಕಾಲು ಕಿಲೋ ಪೊಟ್ಟಣಕ್ಕೆ ಪುಡಿಯದ್ದು ಸುಮಾರು 163, ಚೀಲ ಮತ್ತು ಲೇಬಲ್ 12, ಒಟ್ಟು 175 ರೂಪಾಯಿ. ಇಷ್ಟಾದ ಮೇಲೆ ಹೆಚ್ಚಿನವರು 220 ರೂಪಾಯಿ ಎಂದು ಅಚ್ಚು ಹಾಕಿಸಿ, 45 ರೂಪಾಯಿ ಉಳಿಯಿತು ಎಂದುಕೊಳ್ಳುತ್ತಾರೆ.

ಈಗ ಅಂಗಡಿಗೆ ಕೊಡಿ. ಶೇ 5 ತೆರಿಗೆ ಬೆಲೆಯೊಳಗೇ ಸೇರಿದೆ ಎಂದರೆ ಅದನ್ನು ತೆಗೆದ ಮೇಲೆ 209 ಚಿಲ್ಲರೆ. ಅಂಗಡಿಯವರಿಗೆ ಶೇ 20 ಬಿಟ್ಟರೆ ನಿಮ್ಮ ಕೈಗೆ ಬರುವುದು 168 ರೂಪಾಯಿಗೂ ಕಡಿಮೆ. ನಿಮ್ಮ ದುಡಿಮೆ, ಗಾಡಿ ಬಾಡಿಗೆ, ಹಾಳಾಗುವ ಪೊಟ್ಟಣ ಯಾವುದನ್ನೂ ಹಿಡಿಯದೆಯೇ ಒಂದೊಂದು ಪೊಟ್ಟಣಕ್ಕೆ ಏಳು ರೂಪಾಯಿ ಕೈಯಿಂದ ಹೋಯಿತು. ಅದೇ ಪೊಟ್ಟಣವನ್ನು ನೇರವಾಗಿ ಮನೆಗೆ ಮಾರಿದರೆ ಉಳಿಯುತ್ತದೆ. ಅಂದರೆ ಎಲ್ಲಿ ಮಾರುತ್ತೀರಿ ಎನ್ನುವುದು ಗೊತ್ತಾಗದೆ ಬೆಲೆ ಅಚ್ಚು ಹಾಕಿಸಲೇಬಾರದು.

ಬೆಲೆ ಇಳಿಸಲು ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ಇದೆಯಲ್ಲ ಎನ್ನುವಿರಿ. ಇದೆ, ನಮ್ಮ ಜನಕ್ಕೆ ಅದರ ಗಟ್ಟಿತನ ಇಷ್ಟವೂ ಹೌದು. ಆದರೆ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು. ಚಿಕೋರಿ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ ಎನ್ನುವುದನ್ನೂ ಮರೆಯಬೇಡಿ. ಆ ಅಕ್ಕನ ಮನೆಯಲ್ಲಿ ಪುಡಿ ಕಲ್ಲಾದದ್ದಕ್ಕೆ ನಾನು ಬೆರೆಸಿದ್ದ ಚಿಕೋರಿಯೂ ಒಂದು ಕಾರಣ.

ಅಗ್ಗ ಮಾಡುವಾಗ ಒಂದು ಎಚ್ಚರಿಕೆ. ಟಾಟಾ ನ್ಯಾನೋ 2009ರಲ್ಲಿ ರಸ್ತೆಗಿಳಿದಾಗ ಅದರ ಹಿಂದಿನ ಎಂಜಿನಿಯರಿಂಗ್ ಸಣ್ಣದೇನಲ್ಲ. ಆದರೆ "ಲಕ್ಷ ರೂಪಾಯಿ ಕಾರು" ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಸ್ಕೂಟರಿನಿಂದ ಕಾರಿಗೆ ಏರುವ ಸಂಸಾರಕ್ಕೆ ಅದು ಹೆಮ್ಮೆಯ ಗಳಿಗೆ. ಎಲ್ಲಕ್ಕಿಂತ ಅಗ್ಗದ್ದು ಕೊಂಡೆ ಎಂದು ಬೀದಿಗೆ ತೋರಿಸಲು ಯಾರಿಗೂ ಮನಸ್ಸಿರಲಿಲ್ಲ. ಸಣ್ಣ ಪೊಟ್ಟಣ ಮಾಡಿ, ಆದರೆ "ಬಡವರ ಪೊಟ್ಟಣ" ಮಾಡಬೇಡಿ. ದೊಡ್ಡದಕ್ಕೆ ಹಾಕಿದ ಬೀಜವನ್ನೇ ಸಣ್ಣದಕ್ಕೂ ಹಾಕಿ.

ಮೂರನೆಯದು: ಯಂತ್ರ ಕೊಳ್ಳುವ ಮೊದಲು ಇರುವುದನ್ನು ಬಳಸಿ

ಜಿಇ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ಸಣ್ಣ ಊರಿನ ವೈದ್ಯರಿಗಾಗಿ ಮ್ಯಾಕ್ 400 ಎಂಬ ಇಸಿಜಿ ಯಂತ್ರ ಮಾಡಿದರು. ಬ್ಯಾಟರಿಯಲ್ಲಿ ನಡೆಯುವ, ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ಯಂತ್ರ. ಅದಕ್ಕೆ ಹೊಸ ಮುದ್ರಣ ಯಂತ್ರ ವಿನ್ಯಾಸ ಮಾಡುವ ಬದಲು ಬಸ್ ಟಿಕೆಟ್ ಮುದ್ರಿಸುವಂಥ ಪ್ರಿಂಟರನ್ನೇ ಹೊಂದಿಸಿದರು. ದೂಳು, ಬಿಸಿಲು, ಕುಲುಕಾಟಕ್ಕೆ ಒಗ್ಗಿದ ವಸ್ತು ಆಗಲೇ ಮಾರುಕಟ್ಟೆಯಲ್ಲಿತ್ತು. ಮುಂದೆ ಆ ಯಂತ್ರ ಹೊರದೇಶಗಳಿಗೂ ಹೋಯಿತು.

ನಮ್ಮ ಮನೆಗೆ ಹತ್ತಿರದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಎಂಟಿಆರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಆ ಹೋಟೆಲಿನವರು ಹೇಳುತ್ತಾರೆ. ಎಪ್ಪತ್ತರ ದಶಕದ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಕಟ್ಟು ಹಾಕಿದಾಗ ತಿಂಡಿಯ ಸಿದ್ಧ ಮಿಶ್ರಣ ಮಾಡಿ ಪೊಟ್ಟಣ ಕಟ್ಟಿದರು. ಒಲೆ, ಕೈಗುಣ, ಹೆಸರು ಎಲ್ಲ ಮೊದಲೇ ಇದ್ದವು.

ನಿಮ್ಮ ಊರಿನ ಲೆಕ್ಕ ಹಾಕಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಕ್ಯೂರಿಂಗ್ ವರ್ಕ್ಸ್ ಇವೆ. ಪೇಟೆಯಲ್ಲಿ ಕಣ್ಣೆದುರೇ ಹುರಿದು ಪುಡಿ ಮಾಡಿ ಕೊಡುವ ಅಂಗಡಿಗಳಿವೆ. ಕೂಲಿಗೆ ಹುರಿದು ಕೊಡುತ್ತಾರೆಯೇ ಎಂದು ವಿಚಾರಿಸಿ. ಮೊದಲ ವರ್ಷ ರೋಸ್ಟರ್ ಕೊಳ್ಳಲು ಸಾಲ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಒಳ್ಳೆಯ ತಕ್ಕಡಿ, ಶಾಖದಲ್ಲಿ ಬಾಯಿ ಮುಚ್ಚುವ ಸೀಲರ್, ತೇವಾಂಶ ಅಳೆಯುವ ಮೀಟರ್ ಇದ್ದರೆ ಸಾಕು. ತೇವಾಂಶ ಮಾತ್ರ ಬಿಡಬೇಡಿ: ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯ ಸಮೇತ ಒಣಗಿಸುವ ಪಾರ್ಚ್‌ಮೆಂಟ್ ಶೇ 10ಕ್ಕೆ ಒಣಗಿರಬೇಕು. ಕಣದಲ್ಲಿ ಒಂದು ದಿನ ಉಳಿಸಲು ಹೋಗಿ ಬೂಷ್ಟು ಬಂದರೆ ಮುಂದಿನ ಯಾವ ಹೆಜ್ಜೆಯೂ ಅದನ್ನು ಸರಿಮಾಡದು.

ಕಲಿಯಲು ದೂರ ಹೋಗಬೇಕಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ನಮ್ಮ ಅರೇಬಿಕಾ ತೋಟಗಳಲ್ಲಿ ಕಾಣುವ ಸೆಲೆಕ್ಷನ್ 795, ಚಂದ್ರಗಿರಿ ತಳಿಗಳು ಅಲ್ಲಿಂದಲೇ ಬಂದವು. ಹುರಿಯುವುದು, ರುಚಿ ನೋಡುವುದು ಕಲಿಯಲು ಕಾಫಿ ಮಂಡಳಿಯ "ಕಾಪಿ ಶಾಸ್ತ್ರ" ತರಬೇತಿ ಬೆಂಗಳೂರಿನಲ್ಲಿ ನಡೆಯುತ್ತದೆ. ಪೊಟ್ಟಣ, ಬಾಳಿಕೆಯ ಪ್ರಶ್ನೆಗಳಿಗೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ಪೊಟ್ಟಣದ ಬಗ್ಗೆ ಎರಡು ಮಾತು. ಹುರಿದ ಕಾಫಿ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹುರಿದ ತಕ್ಷಣ ಬಿಗಿಯಾಗಿ ಕಟ್ಟಿದರೆ ಚೀಲ ಉಬ್ಬುತ್ತದೆ. ಬೀಜವಾಗಿ ಮಾರುವುದಾದರೆ ಗಾಳಿ ಹೊರಹೋಗಲು ಮಾತ್ರ ಬಿಡುವ ವಾಲ್ವ್ ಇರುವ ಚೀಲ ಬೇಕು. ಕಾಗದದ ಚೀಲ ನೋಡಲು ಮನೆಮಾಡಿದ ಹಾಗೆ ಚಂದ, ಆದರೆ ಒಳಗೆ ತೇವ ತಡೆಯುವ ಪದರ ಇಲ್ಲದಿದ್ದರೆ ಆಷಾಢದ ಮಳೆಗೆ ಅದು ತಡೆಯುವುದಿಲ್ಲ. ಪೊಟ್ಟಣವನ್ನು ನಮ್ಮೂರಿನ ಮಳೆಗಾಲಕ್ಕೆ ಮಾಡಿ, ಬೇರೆಲ್ಲ ಕಡೆ ಅದು ತಾನಾಗಿ ನಡೆಯುತ್ತದೆ.

ನಾಲ್ಕನೆಯದು: ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಆಹಾರ ಮಾರುವ ಯಾರಿಗಾದರೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಪರವಾನಗಿ. ಹದಿನಾಲ್ಕು ಅಂಕಿಯ ಆ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜೊತೆಗೆ ನಿವ್ವಳ ತೂಕ, ಗರಿಷ್ಠ ಬೆಲೆ, ಪ್ಯಾಕ್ ಮಾಡಿದ ದಿನಾಂಕ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ಸಂಖ್ಯೆ, ವಿಳಾಸ, ದೂರು ಹೇಳಲು ಸಂಪರ್ಕ, ಸಸ್ಯಾಹಾರದ ಹಸಿರು ಗುರುತು. ಕಡ್ಡಾಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಕನ್ನಡ ಹಾಕಲು ಯಾರ ಅಡ್ಡಿಯೂ ಇಲ್ಲ, ದಯವಿಟ್ಟು ಹಾಕಿ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ದುಡ್ಡು ಕೇಳುವ ಮಧ್ಯವರ್ತಿಗೆ ಕೊಡಬೇಡಿ. ಹೆಸರಿನ ಟ್ರೇಡ್‌ಮಾರ್ಕ್‌ಗೆ ಕಾಫಿ ಬರುವುದು 30ನೇ ವರ್ಗದಲ್ಲಿ. ಒಬ್ಬರೇ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನ್ ಅರ್ಜಿ ಹಾಕಿದರೆ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷಕ್ಕೆ. ಅಚ್ಚು ಹಾಕಿಸುವ ಮೊದಲೇ ಆ ಹೆಸರು ಬೇರೆಯವರದ್ದಾಗಿದೆಯೇ ಎಂದು ಹುಡುಕಿ ನೋಡಿ.

ಐದನೆಯದು: ತಂತ್ರಜ್ಞಾನಕ್ಕೆ ಮಳೆಗಾಲದ ಪರೀಕ್ಷೆ

ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಸಿಗುತ್ತಿತ್ತು. ಆಗ ಅದು ಹೊಸ ಬೆರಗು. ಹುಡುಗರು ಬಂದದ್ದು ಕಂಪ್ಯೂಟರಿಗೆ, ರೂಢಿಯಾದದ್ದು ಕಾಫಿ ಮತ್ತು ಕೂತು ಮಾತಾಡುವ ಜಾಗ. ಇಂಟರ್ನೆಟ್ ಎಲ್ಲರ ಜೇಬಿಗೆ ಬಂದ ಮೇಲೂ ಆ ಕುರ್ಚಿಗಳು ಖಾಲಿಯಾಗಲಿಲ್ಲ. ತಂತ್ರಜ್ಞಾನ ಹಳತಾದ ಮೇಲೆ ನಿಮ್ಮ ಹತ್ತಿರ ಏನು ಉಳಿಯುತ್ತದೆ ಎಂದು ಯಾವುದನ್ನು ಆರಿಸುವಾಗಲೂ ಕೇಳಿಕೊಳ್ಳಿ.

ಇನ್ನೊಂದು ಪ್ರಶ್ನೆ ನಮ್ಮ ಕಡೆಯದ್ದೇ: ಜುಲೈ ತಿಂಗಳಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದೆ, ಟವರೂ ನಿಂತಾಗ ಇದು ನಡೆಯುತ್ತದೆಯೇ?

ಹಿಂದೂಸ್ತಾನ್ ಯೂನಿಲಿವರ್ ಬಿಹಾರ, ಜಾರ್ಖಂಡ್‌ನ ಹಳ್ಳಿಗಳಲ್ಲಿ ಟಿವಿ ಜಾಹೀರಾತು ತಲುಪದು ಎಂದು ಕಂಡು ಒಂದು ಫೋನ್ ರೇಡಿಯೋ ಶುರು ಮಾಡಿತು. ಮಿಸ್ಡ್ ಕಾಲ್ ಕೊಟ್ಟರೆ ಅವರೇ ವಾಪಸ್ ಕರೆ ಮಾಡುತ್ತಿದ್ದರು, ಹಾಡು ಹಾಸ್ಯ ಕೇಳಿಸುತ್ತಿದ್ದರು, ನಡುವೆ ಜಾಹೀರಾತು. ಬಡವರ ಫೋನು, ಖಾಲಿ ಬ್ಯಾಲೆನ್ಸ್, ಮಿಸ್ಡ್ ಕಾಲ್ ಕೊಡುವ ಅಭ್ಯಾಸ ಎಲ್ಲವನ್ನೂ ಹಾಗೇ ಒಪ್ಪಿಕೊಂಡು ಕಟ್ಟಿದ್ದು ಅದು. ಯುಪಿಐ ಗೆದ್ದದ್ದೂ ಇಂಥದ್ದೇ ಕಾರಣಕ್ಕೆ. 2016ರ ಏಪ್ರಿಲ್‌ನಲ್ಲಿ ಅದು ಬಂದಾಗ ಅಂಗಡಿಯವರಿಗೆ ಕಾರ್ಡ್ ಯಂತ್ರ ದುಬಾರಿಯಾಗಿತ್ತು; ಒಂದು ಕ್ಯೂಆರ್ ಹಾಳೆ ಅಂಟಿಸಿದರೆ ಮುಗಿಯಿತು. ಆಮೇಲೆ ದುಡ್ಡು ಬಂತೋ ಇಲ್ಲವೋ ಎಂದು ಫೋನ್ ನೋಡಲು ಪುರುಸೊತ್ತಿಲ್ಲದ ಅಂಗಡಿಯವರಿಗಾಗಿ ಕನ್ನಡದಲ್ಲೇ ಮೊತ್ತ ಕೂಗುವ ಪೆಟ್ಟಿಗೆ ಬಂತು. ಆ ಪೆಟ್ಟಿಗೆ ನನಗೆ ಬಹಳ ಮೆಚ್ಚುಗೆ.

ನಿಮ್ಮ ಮಟ್ಟಿಗೆ ಕ್ರಮ ಹೀಗಿರಲಿ. ಮೊದಲು ವಾಟ್ಸ್ಆ್ಯಪ್ ಬಿಸಿನೆಸ್: ಉಚಿತ, ಪೊಟ್ಟಣದ ಚಿತ್ರ ಬೆಲೆ ಹಾಕಬಹುದು, ಟವರ್ ಬಂದಾಗ ಸಂದೇಶವೂ ಬಂದು ಬೀಳುತ್ತದೆ. ಜೊತೆಗೆ ಯುಪಿಐ. ಇವೆರಡರಲ್ಲೇ ಮೊದಲ ನೂರು ಜನಕ್ಕೆ ಮಾರಬಹುದು. ಸ್ವಂತ ವೆಬ್‌ಸೈಟ್ ಆಮೇಲೆ. ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಹೋಗುವ ಮೊದಲು ಅವರ ಕಮಿಷನ್, ವಾಪಸಾದ ಮಾಲಿನ ಖರ್ಚನ್ನು ಮೇಲಿನ ಲೆಕ್ಕಕ್ಕೆ ಸೇರಿಸಿ ನೋಡಿ. ಒಎನ್‌ಡಿಸಿಯಂಥ ಹಲವು ಮಾರಾಟ ಆ್ಯಪ್‌ಗಳನ್ನು ಜೋಡಿಸುವ ಮುಕ್ತ ಜಾಲದ ದರವನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಿ. ಕಳಿಸುವುದಕ್ಕೆ ಹಳ್ಳಿಯ ಅಂಚೆ ಕಚೇರಿಯನ್ನು ಮರೆಯಬೇಡಿ. ಅಂಚೆ ದರ ತೂಕದ ಹಂತದಲ್ಲಿ ಏರುತ್ತದೆ. ಹೊರಗಿನ ಡಬ್ಬಿ ಸೇರಿ ಹತ್ತು ಗ್ರಾಂ ಹೆಚ್ಚಾದರೂ ಮುಂದಿನ ಹಂತದ ದುಡ್ಡು. ಪೊಟ್ಟಣದ ತೂಕ ಗೊತ್ತು ಮಾಡುವಾಗಲೇ ಅಂಚೆಯ ದರಪಟ್ಟಿ ಪಕ್ಕದಲ್ಲಿರಲಿ.

ಪೊಟ್ಟಣದ ಮೇಲೆ ಕ್ಯೂಆರ್ ಹಾಕಿ ತೋಟದ ವಿವರ ತೋರಿಸುವುದು ಒಳ್ಳೆಯದೇ. ನಾನು ಮೊದಲು ಅದಕ್ಕೆ ನಾಲ್ಕು ನಿಮಿಷದ ವಿಡಿಯೋ ಜೋಡಿಸಿದ್ದೆ. ನಮ್ಮೂರ ನೆಟ್‌ವರ್ಕಿನಲ್ಲಿ ಅದು ತೆರೆಯುವಷ್ಟರಲ್ಲಿ ಅಂಗಡಿಯ ಮುಂದೆ ನಿಂತವರು ಪೊಟ್ಟಣವನ್ನು ಕೆಳಗಿಡುತ್ತಿದ್ದರು. ಈಗ ಅಲ್ಲಿರುವುದು ಒಂದು ಚಿತ್ರ, ಹತ್ತು ಸಾಲು: ಯಾವ ತಳಿ, ಯಾವ ತಿಂಗಳ ಕುಯ್ಲು, ಪಲ್ಪ್ ಮಾಡಿದ್ದೋ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದೋ) ಹಣ್ಣಾಗಿಯೇ ಒಣಗಿಸಿದ್ದೋ, ಹುರಿದ ದಿನ, ಕುದಿಸಿ ಬಗ್ಗಿಸುವವರು ಎಷ್ಟು ಪುಡಿ ಹಾಕಬೇಕು. ಜನ ಓದುವುದು ಕೊನೆಯ ಸಾಲನ್ನೇ.

ಮೂಲ ತೋರಿಸುವ ಕೆಲಸಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಕಾಫಿ ಮಂಡಳಿ 2019ರಲ್ಲೇ, ಬರೆದ ದಾಖಲೆಯನ್ನು ಆಮೇಲೆ ತಿದ್ದಲಾಗದ ಬ್ಲಾಕ್‌ಚೈನ್ ಆಧಾರದ ಮಾರಾಟ ವೇದಿಕೆಯನ್ನು ಪ್ರಯೋಗಕ್ಕೆ ತಂದಿತ್ತು. ಈಗ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದ್ದರೂ ದಿಕ್ಕು ಸ್ಪಷ್ಟ. ಭಾರತದ ಕಾಫಿಯಲ್ಲಿ ಬಹುಪಾಲು ರಫ್ತಾಗುವುದರಿಂದ ಇಂದಲ್ಲ ನಾಳೆ ಇದು ಐದು ಎಕರೆಗೂ ಬರುತ್ತದೆ. ಒಂದು ಬಿಸಿಲಿನ ದಿನ ಫೋನ್ ಹಿಡಿದು ತೋಟದ ಗಡಿ ಸುತ್ತಿ ಗುರುತು ಹಾಕಿಡಿ. ಮರದ ನೆರಳಲ್ಲಿ ಬೆಳೆಯುವ ನಮ್ಮ ತೋಟಗಳಿಗೆ ತೋರಿಸಲು ಹೆಮ್ಮೆಯ ಸಂಗತಿ ಇದೆ, ಅದಕ್ಕೆ ದಾಖಲೆಯೂ ಇರಲಿ.

ಕೃತಕ ಬುದ್ಧಿಮತ್ತೆಯ ಬಗ್ಗೆ: ಹಿಂದಿ, ತಮಿಳು ಗಿರಾಕಿಗೆ ಉತ್ತರ ಬರೆಯಲು, ಖರ್ಚಿನ ಪಟ್ಟಿ ಜೋಡಿಸಲು ನಾನು ದಿನವೂ ಬಳಸುತ್ತೇನೆ. ಎರಡು ಕಡೆ ಮಾತ್ರ ಕೈ ಬಿಗಿ ಹಿಡಿಯುತ್ತೇನೆ. ಒಂದು, ಕನ್ನಡದ ಲೇಬಲ್. ಇಂಗ್ಲಿಷಿನ "ಗ್ರೌಂಡ್ ಕಾಫಿ"ಯನ್ನು ಪುಡಿ ಮಾಡಿದ ಕಾಫಿ ಎನ್ನಬೇಕಾದಲ್ಲಿ ಅದು ನನಗೆ "ನೆಲದ ಕಾಫಿ" ಎಂದು ಬರೆದುಕೊಟ್ಟಿತ್ತು. ಅಚ್ಚಿಗೆ ಹೋಗುವ ಮೊದಲು ನಾದಿನಿ ನೋಡಿದ್ದರಿಂದ ಉಳಿದೆ. ಇನ್ನೊಂದು, ತೋಟದ ಚಿತ್ರ. ಅದು ಕೊಟ್ಟ ಚಿತ್ರದಲ್ಲಿ ಕಾಫಿ ಹಣ್ಣು ರೆಂಬೆಯ ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಜೋತಾಡುತ್ತಿತ್ತು. ರೆಂಬೆಯ ಗಿಣ್ಣು ಗಿಣ್ಣಿಗೂ ಅಂಟಿಕೊಂಡು ಕೂರುವ ಹಣ್ಣನ್ನು ಒಮ್ಮೆ ನೋಡಿದವರು ಅದನ್ನು ನಂಬುವುದಿಲ್ಲ, ಆಮೇಲೆ ಪೊಟ್ಟಣದ ಮೇಲಿನ ಬೇರೆ ಮಾತನ್ನೂ ನಂಬುವುದಿಲ್ಲ. ತೋಟ ನಿಮ್ಮದೇ ಇದೆಯಲ್ಲ, ಅದರದ್ದೇ ಚಿತ್ರ ತೆಗೆಯಿರಿ.

ಆರನೆಯದು: ಊರಿನ ಹೆಸರು

ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು (ಜಿಐ), ಅಂದರೆ ಆ ಸೀಮೆಯ ಸರಕಿಗೆ ಮಾತ್ರ ಆ ಹೆಸರು ಎನ್ನುವ ಕಾನೂನಿನ ರಕ್ಷಣೆ, ಸಿಕ್ಕಿದೆ. ಆ ಗುರುತನ್ನು ಪೊಟ್ಟಣದ ಮೇಲೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಸಕಲೇಶಪುರದ ರೊಬಸ್ಟಾ (ಅರೇಬಿಕಾ ಅಲ್ಲದ ಇನ್ನೊಂದು ಜಾತಿಯ ಕಾಫಿ) ತುಂಬಿ ಚಿಕ್ಕಮಗಳೂರು ಅರೇಬಿಕಾ ಎಂದು ಬರೆದರೆ ಗಿರಾಕಿಗೂ ಮೋಸ, ಸಕಲೇಶಪುರಕ್ಕೂ ಅವಮಾನ. ಒಳ್ಳೆಯ ರೊಬಸ್ಟಾ ಅದರ ಹೆಸರಲ್ಲೇ ಮಾರಲು ಯೋಗ್ಯ.

ಊರಿನ ಗುಣವನ್ನೇ ಸರಕು ಮಾಡಿದ್ದಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಹಳೆಯ ಉದಾಹರಣೆ ಇದೆ. ಹಾಯಿಹಡಗಿನ ಕಾಲದಲ್ಲಿ ಕಾಫಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವ ಕುಡಿದು ಬೀಜ ಉಬ್ಬಿ, ಬಣ್ಣ ಮಾಸಿ, ಹುಳಿ ಇಳಿಯುತ್ತಿತ್ತು. ಪ್ರಯಾಣ ಚುರುಕಾದಾಗ ಅಲ್ಲಿಯ ಗಿರಾಕಿಗಳು ಆ ಹಳೆಯ ರುಚಿ ಎಲ್ಲಿ ಎಂದರು. ಪಶ್ಚಿಮ ಕರಾವಳಿಯವರು ಗೋದಾಮಿನ ಬಾಗಿಲು ತೆರೆದು ಮುಂಗಾರಿನ ಗಾಳಿಗೆ ಬೀಜ ಹರಡಿ ಅದೇ ರುಚಿಯನ್ನು ಬೇಕೆಂದೇ ಮಾಡಿದರು. ಮಾನ್ಸೂನ್ಡ್ ಮಲಬಾರ್ ಎಂದು ಅದಕ್ಕೂ ಭೌಗೋಳಿಕ ಗುರುತಿದೆ. ಪುಡಿಯನ್ನು ಕಲ್ಲು ಮಾಡುವ ಮಳೆಯೇ ಅಲ್ಲಿ ಹೆಸರು ತ‌ಂದಿತು.

ಏಳನೆಯದು: ನಲವತ್ತು ಪೊಟ್ಟಣ, ಮೂರು ತಿಂಗಳು

ಸಾವಿರ ಚೀಲಕ್ಕೆ ಅಚ್ಚು ಹಾಕಿಸಿದರೆ ಅಗ್ಗ ಎಂದು ಅಚ್ಚಿನವರು ಹೇಳುತ್ತಾರೆ. ಬೇಡ. ಬರಿಯ ಚೀಲ ತಂದು, ಅಂಟಿಸುವ ಲೇಬಲ್ ಹಾಕಿ, ನಲವತ್ತು ಪೊಟ್ಟಣ ಕಟ್ಟಿ. ದುಡ್ಡು ತೆಗೆದುಕೊಂಡೇ ಕೊಡಿ. ಪುಕ್ಕಟೆ ಕೊಟ್ಟದ್ದಕ್ಕೆ ಸಿಗುವುದು ಹೊಗಳಿಕೆ ಮಾತ್ರ. ಯಾರು ಯಾವ ದಿನ ಕೊಂಡರು ಎಂದು ಬರೆದಿಡಿ, ಮತ್ತು ಯಾರೂ ಜ್ಞಾಪಿಸದೆ ಎರಡನೆಯ ಬಾರಿ ಕೇಳಿಕೊಂಡು ಬಂದವರೆಷ್ಟು ಎಂದು ಎಣಿಸಿ. ನಲವತ್ತರಲ್ಲಿ ಹತ್ತು ಜನವೂ ಮರಳಿ ಬರದಿದ್ದರೆ ಜಾಹೀರಾತಿಗೆ ದುಡ್ಡು ಹಾಕಬೇಡಿ, ಬರದವರ ಅಡುಗೆಮನೆಗೆ ಮತ್ತೆ ಹೋಗಿ. ಈ ಹತ್ತು ಎನ್ನುವುದು ನಾನೇ ಹಾಕಿಕೊಂಡ ಗೆರೆ. ನೀವು ನಿಮ್ಮದು ಹಾಕಿಕೊಳ್ಳಿ, ಆದರೆ ಮಾರಲು ಹೊರಡುವ ಮೊದಲೇ ಹಾಕಿ.

ಕೊಂಡವರು ಅದನ್ನು ಏನು ಮಾಡುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ಕೀನ್ಯಾದ ಎಂ-ಪೆಸಾ ಎಂಬ ಫೋನಿನ ಹಣ ಸೇವೆ ಪ್ರಯೋಗದ ಹಂತದಲ್ಲಿದ್ದಾಗ ಅದರ ಉದ್ದೇಶ ಸಣ್ಣ ಸಾಲದ ಕಂತನ್ನು ಫೋನಿನಲ್ಲಿ ಕಟ್ಟಿಸಿಕೊಳ್ಳುವುದಾಗಿತ್ತು. ಜನ ಅದರಲ್ಲಿ ಒಬ್ಬರಿಗೊಬ್ಬರು ದುಡ್ಡು ಕಳಿಸಲು ಶುರು ಮಾಡಿದರು. ಕಂಪನಿ ಅದನ್ನು ಗಮನಿಸಿ, 2007ರಲ್ಲಿ ಮಾರುಕಟ್ಟೆಗೆ ಬಿಡುವಾಗ ಊರಿಗೆ ಹಣ ಕಳಿಸುವುದನ್ನೇ ಮುಂದಿಟ್ಟಿತು.

ನಾನು ಐವತ್ತು ಗ್ರಾಮಿನ ಪೊಟ್ಟಣ ಮಾಡಿದ್ದು ಆ ಅಕ್ಕನಂಥವರ ಮನೆಗೆಂದು. ಚಿಕೋರಿ ತೆಗೆದೆ, ಪುಡಿ ದಪ್ಪ ಮಾಡಿಸಿದೆ, ಒಳಪದರ ಇರುವ ಚೀಲ ಹಾಕಿದೆ. ಎರಡನೇ ತಿಂಗಳಲ್ಲಿ ಬಣಕಲ್ ಕಡೆಯವರೊಬ್ಬರು ಬಂದು ಇನ್ನೂರು ಪೊಟ್ಟಣ ಕೇಳಿದರು. ಮಗಳ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿಯ ಜೊತೆ ನಮ್ಮ ಸೀಮೆಯದೇ ಏನಾದರೂ ಇಡಬೇಕು ಎಂದಿದ್ದರಂತೆ. ಆ ಮದುವೆಗೆ ಬಂದವರಲ್ಲಿ ಕೆಲವರು ಬೆಂಗಳೂರಿನಿಂದ, ಶಿವಮೊಗ್ಗದಿಂದ ಫೋನ್ ಮಾಡಿದರು. ಈಗ ಕುಯ್ಲು ಮುಗಿದ ಮೇಲಿನ ಮದುವೆಯ ತಿಂಗಳುಗಳಲ್ಲಿ ನನ್ನ ಮಾರಾಟದ ದೊಡ್ಡ ಪಾಲು ಅದೇ. ಲೇಬಲ್ ಮೇಲೆ ವಧೂವರರ ಹೆಸರಿಗೆ ಜಾಗ ಬಿಟ್ಟಿದ್ದೇನೆ.

ಆ ಅಕ್ಕನಿಗೂ ಒಂದು ಪೊಟ್ಟಣ ಕೊಟ್ಟು, ಮಳೆ ಹಿಡಿದು ಮೂರು ವಾರ ಆದ ಮೇಲೆ ಹೋಗಿ ನೋಡಿದೆ. ಪುಡಿ ಉದುರುದುರಾಗಿಯೇ ಇತ್ತು. ಆದರೆ ಒಮ್ಮೆ ಹರಿದ ಬಾಯನ್ನು ಮುಚ್ಚಲು ದಾರಿ ಇಲ್ಲದೆ ಅವರು ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದ್ದರು. "ಬಾಯಿ ಮುಚ್ಚೋ ಹಂಗೆ ಮಾಡಮ್ಮ, ಹಂಗಾದ್ರೆ ನಾನೇ ದುಡ್ಡು ಕೊಟ್ಟು ತಗೋತೀನಿ" ಎಂದರು. ಒತ್ತಿ ಮುಚ್ಚುವ ಬಾಯಿಯ ಚೀಲಕ್ಕೆ ಒಂದೊಂದಕ್ಕೆ ಎಷ್ಟು ಹೆಚ್ಚು ಬೀಳುತ್ತದೆ ಎಂದು ವಿಚಾರಿಸಿದ್ದೇನೆ. ಈ ಸಲದ ನಲವತ್ತು ಅದರಲ್ಲೇ ಕಟ್ಟುತ್ತೇನೆ.